ಐದನೆಯ ಸಹಿ

ನಮ್ಮ ಶಿಶುವಿಹಾರದಲ್ಲಿ ಅವರಿಗೆ ಚಪ್ಪಾಳೆ ಟೀಚರ್ ಅಂತಲೇ ಹೆಸರು. ಇಟ್ಟವರು ಮಕ್ಕಳು. ಮೂವತ್ತು ಮಕ್ಕಳು ಮೂವತ್ತು ದಿಕ್ಕಿಗೆ ಓಡುತ್ತಿದ್ದರೂ ಅವರು ಗದರುತ್ತಿರಲಿಲ್ಲ, ಮೇಜು ಕುಟ್ಟುತ್ತಿರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೂರು ಸಲ ಚಪ್ಪಾಳೆ ತಟ್ಟುತ್ತಿದ್ದರು. ಎರಡು ಮೆಲ್ಲಗೆ, ಒಂದು ಜೋರಾಗಿ. ಅಷ್ಟಕ್ಕೇ ಮಕ್ಕಳೆಲ್ಲ ಬಂದು ಅವರ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದವು. ನಾನೂ ಹದಿಮೂರು ವರ್ಷದಿಂದ ಹಾಗೇ ತಟ್ಟುತ್ತಿದ್ದೇನೆ. ಒಂದು ದಿನ ಒಬ್ಬ ಪೋರ ಹತ್ತಿರ ಬಂದು, "ಟೀಚರ್, ಸೊಳ್ಳೆ ಹೊಡೀತಿದ್ದೀರಾ?" ಅಂತ ಕೇಳಿದ.

ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಇಲ್ಲೂ ಅಕ್ಕ ಅಂತಲೇ ಬರೆಯುತ್ತೇನೆ. ಹಾಗೆ ಕರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಪೂರ್ತಿ ಓದಿದ ಮೇಲೆ ನೀವೇ ಹೇಳಿ.

ಅಕ್ಕ ಕುಳ್ಳಗಿನ ಹೆಂಗಸು. ನಡೆದರೆ ಉರುಳಿದ ಹಾಗೆ ಕಾಣುತ್ತಿತ್ತು. ಅವರ ಗಂಡ ದರ್ಜಿ. ಬಣ್ಣ, ಅಂಟು, ಮಕ್ಕಳ ಜೊಲ್ಲು ಮೆತ್ತಿಕೊಳ್ಳದಿರಲಿ ಅಂತ ಹೆಂಡತಿಗೆ ಒಂದು ಮೇಲಂಗಿ ಹೊಲಿದುಕೊಟ್ಟಿದ್ದರು. ಅದಕ್ಕೆ ಎರಡು ದೊಡ್ಡ ಜೇಬು. ಬಲ ಜೇಬಿನಲ್ಲಿ ಮೂಗು ಒರೆಸುವ ಬಟ್ಟೆ, ಎಡ ಜೇಬಿನಲ್ಲಿ ಶಿಕ್ಷಕಿಯರ ಸಂಘದ ರಸೀದಿ ಪುಸ್ತಕ. ಯಾವಾಗಲೋ ಅವಸರದಲ್ಲಿ ಜೇಬು ಅದಲುಬದಲಾಗಿ ಒಂದು ಮಗುವಿನ ಮೂಗಿಗೆ ರಸೀದಿ ಹಿಡಿದುಬಿಟ್ಟಿದ್ದರಂತೆ. "ಆ ಮಗುವನ್ನ ಸದಸ್ಯೆ ಅಂತಲೇ ಲೆಕ್ಕಕ್ಕೆ ಹಿಡಿದೆ" ಅಂತ ಅವರೇ ಹೇಳಿಕೊಂಡು ನಗುತ್ತಿದ್ದರು. ಗಂಡ ಮಾತ್ರ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ, "ನನ್ನ ಹೆಂಡತಿಗೆ ಎರಡು ಸಂಸಾರ ಕಣ್ರೀ. ಒಂದು ಶಾಲೆ, ಒಂದು ಸಂಘ. ಎರಡರಲ್ಲೂ ನಾನಿಲ್ಲ" ಅನ್ನುತ್ತಿದ್ದರು. ಹಾಗಂದರೂ ಕತ್ತರಿಸಿ ಉಳಿದ ಚಿಂದಿ ಬಟ್ಟೆಯನ್ನೆಲ್ಲ ಕೂಡಿಟ್ಟು ಬೊಂಬೆ ಮಾಡಲು ಕಳಿಸುತ್ತಿದ್ದದ್ದು ಅವರೇ. ಅವರಿಗೆ ಮಕ್ಕಳಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಅಂದರೆ ಅಕ್ಕ, "ಇರೋ ಮೂವತ್ತರ ಮೂಗಿಗೇ ನನ್ನ ಕೈ ಸಾಲದು, ಹೋಗ್ರೀ" ಅಂತ ಅಲ್ಲಿಗೇ ಮುಗಿಸುತ್ತಿದ್ದರು.

ಶಿಶುವಿಹಾರ ಇರುವುದು ಹಳೆಯ ಗೋದಾಮೊಂದರ ಮಾಳಿಗೆಯಲ್ಲಿ. ಐದು ಕೋಣೆ, ಉದ್ದನೆಯ ಓಣಿಯಂಥ ನಡೆದಾಡುವ ಜಾಗ, ಗೋಡೆಗೆ ಮಕ್ಕಳ ಎತ್ತರಕ್ಕೆ ಹೊಡೆದ ಗೂಟಗಳು, ಒಂದೊಂದು ಗೂಟದ ಮೇಲೂ ಒಂದೊಂದು ಚಿತ್ರ: ಕೊಡೆ, ಮೀನು, ಬಸ್ಸು. ಓದಲು ಬಾರದ ಮಗುವಿಗೂ ತನ್ನ ಚೀಲ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ. ಮೆಟ್ಟಿಲ ಬಾಗಿಲಲ್ಲಿ ಬೆಳಗ್ಗೆ ಒಂಬತ್ತಕ್ಕೆ ದಿನವೂ ಒಂದು ರಾದ್ಧಾಂತ. ತಾಯಂದಿರಿಗೆ ಕೆಲಸಕ್ಕೆ ಹೊತ್ತಾಗಿರುತ್ತದೆ, ಮಗು ಸೆರಗೋ ಚೀಲವೋ ಸಿಕ್ಕಿದ್ದನ್ನು ಹಿಡಿದು ಬಿಡುವುದಿಲ್ಲ. ಮಗು ಆಟದ ಸಾಮಾನಿನ ಕಡೆ ತಿರುಗಿದ ತಕ್ಷಣ ತಾಯಿ ಮೆಲ್ಲಗೆ ಜಾರಿಕೊಳ್ಳುವುದು ಎಲ್ಲ ಕಡೆ ನಡೆಯುವ ಉಪಾಯ. ಅಕ್ಕ ಅದಕ್ಕೆ ಬಿಲ್‌ಕುಲ್ ಒಪ್ಪುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು, "ಹೇಳಿ ಹೋಗಿ ತಾಯಿ. ಕದ್ದು ಹೋಗಬೇಡಿ. ಅತ್ತರೆ ಅಳಲಿ, ಅಳೋ ಮಗುವನ್ನ ನಾನು ನೋಡ್ಕೋತೀನಿ. ಮೋಸ ಹೋದ ಮಗುವನ್ನ ಸಮಾಧಾನ ಮಾಡೋಕೆ ನನ್ನ ಕೈಲೂ ಆಗಲ್ಲ. ಅದು ಇಡೀ ದಿನ ಬಾಗಿಲೇ ನೋಡ್ತಾ ಕೂರುತ್ತೆ" ಅನ್ನುತ್ತಿದ್ದರು. ಅತ್ತ ಮಗುವಿನ ಕೈಗೆ ಬೀಗದ ಕೈ ಗೊಂಚಲು ಕೊಟ್ಟು, "ಇದನ್ನ ಹಿಡ್ಕೊಂಡು ನನ್ನ ಜೊತೆ ಬಾ, ನನಗೆ ತುಂಬಾ ಕೆಲಸ ಇದೆ" ಅಂತ ಕರೆದುಕೊಂಡು ಹೋಗುತ್ತಿದ್ದರು. ಹತ್ತು ನಿಮಿಷಕ್ಕೆ ಆ ಮಗು ಯಜಮಾನನ ಹಾಗೆ ಗೊಂಚಲು ಆಡಿಸಿಕೊಂಡು ಓಡಾಡುತ್ತಿತ್ತು.

ಇದನ್ನೆಲ್ಲ ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನನ್ನ ಕೈಯಲ್ಲಿದ್ದದ್ದು ಒಂದು ಡಿಪ್ಲೊಮಾ ಮತ್ತು ಬೇಕಾದಷ್ಟು ಜಂಬ. ಸೇರಿ ಏಳು ತಿಂಗಳಿಗೆ ಒಂದು ಮಗು ಜಾರುಬಂಡಿಯಿಂದ ಬಿದ್ದು ಮೊಣಕೈ ಮುರಿದುಕೊಂಡಿತು. ಅವತ್ತು ನನ್ನ ಜೊತೆಯವಳನ್ನು ಆಫೀಸಿನ ಕಾಗದಪತ್ರ ಬರೆಯಲು ಕರೆಸಿಕೊಂಡಿದ್ದರು. ಕೆಳಗಿನ ಅಂಗಳದಲ್ಲಿ ನಲವತ್ಮೂರು ಮಕ್ಕಳು, ನಾನೊಬ್ಬಳು. ಮಾರನೆಯ ದಿನ ಆಡಳಿತದವರು ನನ್ನನ್ನು ಕೂರಿಸಿಕೊಂಡು, ಊಹೂಂ, ಕೂರಿಸಲಿಲ್ಲ, ನಿಲ್ಲಿಸಿಕೊಂಡು, "ನನ್ನ ಅಜಾಗರೂಕತೆಯಿಂದ ಹೀಗಾಯಿತು" ಅಂತ ಬರೆದುಕೊಡು ಅಂದರು. ಬರೆದುಕೊಟ್ಟಿದ್ದರೆ ಅವತ್ತೇ ಮನೆಗೆ. ನನಗೆ ಇಪ್ಪತ್ಮೂರು ವರ್ಷ, ಪೆನ್ನಿನ ಮುಚ್ಚಳ ತೆಗೆದಿದ್ದೆ.

ಆಗ ಅಕ್ಕ ಒಳಗೆ ಬಂದರು. ನಾನು ಸಂಘಕ್ಕೆ ಸೇರಿ ಬರೀ ಮೂರು ತಿಂಗಳಾಗಿತ್ತು, ಅದೂ ಅವರ ಕಾಟ ತಾಳಲಾರದೆ ಸೇರಿದ್ದು. ಅವರು ನಮ್ಮ ಶಾಲೆಯ ಘಟಕದ ಕಾರ್ಯದರ್ಶಿ. ಅವರಿಗೂ ಯಾರೂ ಕುರ್ಚಿ ಕೊಡಲಿಲ್ಲ. ಅಕ್ಕ ಹೊರಗೆ ಹೋಗಿ, ತಮ್ಮ ಕೋಣೆಯಿಂದ ಮಕ್ಕಳ ಎರಡು ಪುಟಾಣಿ ಕುರ್ಚಿ ತಂದು, ಒಂದರಲ್ಲಿ ನನ್ನನ್ನು ಕೂರಿಸಿ ಇನ್ನೊಂದರಲ್ಲಿ ತಾವು ಕೂತರು. ಮಂಡಿ ಗದ್ದಕ್ಕೆ ತಾಗುತ್ತಿತ್ತು. "ಇವಳು ಬರೀತಾಳೆ ಸರ್. ನಲವತ್ಮೂರು ಮಕ್ಕಳಿಗೆ ಒಬ್ಬಳೇ ಇದ್ದೆ ಅಂತ ಬರೀತಾಳೆ. ಜೊತೆಯವಳನ್ನ ಯಾರು, ಯಾಕೆ ಕರೆಸಿಕೊಂಡ್ರು ಅಂತ ನೀವು ಕೆಳಗೆ ಬರೀರಿ. ಇಬ್ಬರೂ ಸಹಿ ಹಾಕಿ" ಅಂದರು. ಎರಡು ಗಂಟೆ ಹೊತ್ತು ಆ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಆಡಳಿತದವರೇ ಕಾಗದ ಮಡಿಸಿ ಒಳಗಿಟ್ಟರು. ನನ್ನ ಕೆಲಸ ಉಳಿಯಿತು. ನಮ್ಮ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುವವರು, ಮೂಲೆಯಲ್ಲಿ ನಿಂತು ಅದನ್ನೆಲ್ಲ ನೋಡುತ್ತಿದ್ದರು. ಆ ಪುಟಾಣಿ ಕುರ್ಚಿಯನ್ನು ಮೇಡಂ ಮರೆಯಲಿಲ್ಲ. ಮರೆಯಬಾರದವಳು ನಾನು, ನಾನೇ ಮರೆತೆ.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸಂಘದ ತರಬೇತಿ ಇರುತ್ತಿತ್ತು. ಸುತ್ತಮುತ್ತಲ ಶಿಶುವಿಹಾರಗಳಿಂದ ನಲವತ್ತು ಐವತ್ತು ಜನ ಬರುತ್ತಿದ್ದೆವು. ಹೇಳಿಕೊಡುತ್ತಿದ್ದದ್ದು ಅಕ್ಕ. ಕಚ್ಚುವ ಮಗುವಿಗೆ ಏನು ಮಾಡಬೇಕು, ಮಾತು ತಡವಾದ ಮಗುವನ್ನು ಹೇಗೆ ಗುರುತಿಸಬೇಕು, ಬಡಿಗೋಲಿಲ್ಲದೆ ಮೂವತ್ತು ಮಕ್ಕಳನ್ನು ಹೇಗೆ ಸಾಲು ನಿಲ್ಲಿಸಬೇಕು. "ಕಚ್ಚಿದ್ದಕ್ಕೆ ಬೈಯೋ ಮೊದಲು ಮನೇಲಿ ಹೊಸ ಪಾಪು ಬಂದಿದೆಯಾ ಕೇಳಿ" ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಸೋಮವಾರ ಕೇಳಿ ನೋಡಿದರೆ ಬಂದೇ ಇರುತ್ತಿತ್ತು.

ಆ ತರಬೇತಿಯಲ್ಲಿ ಹಾಜರಿ ಪಟ್ಟಿ ಒಂದು ಸುತ್ತು ಬರುತ್ತಿತ್ತು. ಮೇಲೆ ತಾರೀಕು, ವಿಷಯ, ಸಂಘದ ಮುದ್ರೆ. ಕೆಳಗೆ ಬಂದವರ ಸಹಿ. ಅಕ್ಕ ಮಾತ್ರ ಸಹಿ ಹಾಕುತ್ತಿರಲಿಲ್ಲ. ಯಾಕೆಂದರೆ ಹಾಕಬಾರದು ಅಂತ ನಿಯಮ. ಆ ನಿಯಮ ಬರೆದವರೂ ಅಕ್ಕನೇ. ಹಿಂದೆ ಯಾರೋ ಒಬ್ಬರು ಪಾಠ ಹೇಳುವ ನೆಪದಲ್ಲಿ ಬಂದು, ಹತ್ತು ನಿಮಿಷ ಮಾತಾಡಿ, ಮೂರು ಗಂಟೆಯ ಹಾಜರಿ ಹಾಕಿಕೊಂಡು ಹೋಗುತ್ತಿದ್ದರಂತೆ. ಅಕ್ಕನ ಪಿತ್ತ ನೆತ್ತಿಗೇರಿ, 'ಹೇಳಿಕೊಡುವವರು ಹಾಜರಿ ಹಾಕತಕ್ಕದ್ದಲ್ಲ, ಪಾಠ ಸಂಘದ ಹೆಸರಿನಲ್ಲೇ ನಡೆಯತಕ್ಕದ್ದು' ಅಂತ ಸಭೆಯಲ್ಲಿ ಪಾಸು ಮಾಡಿಸಿದ್ದರು. ಪಟ್ಟಿಯ ಮೇಲೆ ತಮ್ಮ ಹೆಸರನ್ನೂ ಬರೆಯಲು ಬಿಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಇಲಾಖೆಯ ಸುತ್ತೋಲೆ ಬಂತು. ಶಿಶುವಿಹಾರದ ಶಿಕ್ಷಕಿ ಅನ್ನಿಸಿಕೊಳ್ಳಬೇಕಾದರೆ ಕಳೆದ ಐದು ವರ್ಷದಲ್ಲಿ ನೂರಿಪ್ಪತ್ತು ಗಂಟೆ ತರಬೇತಿ ಪಡೆದಿರಬೇಕು. ಇಲ್ಲದವರು ಆ ವರ್ಷದಿಂದಲೇ ಸಹಾಯಕಿ. ಸಹಾಯಕಿ ಅಂದರೆ ಮಕ್ಕಳಿಗೆ ಕೈ ತೊಳೆಸಬಹುದು, ಬಟ್ಟೆ ಬದಲಿಸಬಹುದು, ನೆಲ ಒರೆಸಬಹುದು. ಪಾಠ ಹೇಳುವಂತಿಲ್ಲ. ಸಂಘದ ಶನಿವಾರಗಳನ್ನು ಇಲಾಖೆ ಲೆಕ್ಕಕ್ಕೆ ಹಿಡಿಯಿತು. ನಮಗೆಲ್ಲ ಸಂಭ್ರಮವೋ ಸಂಭ್ರಮ. ನನ್ನದು ಸರಿಯಾಗಿ ನೂರಿಪ್ಪತ್ತು ಬಂತು. ಅದರಲ್ಲಿ ನೂರೆಂಟು ಗಂಟೆ ಅಕ್ಕ ನಿಂತು ಹೇಳಿದ್ದು, ನಾನು ಕೂತು ಕೇಳಿದ್ದು. ಉಳಿದ ಹನ್ನೆರಡು ಗಂಟೆ ಇಲಾಖೆಯ ಒಂದು ಶಿಬಿರದ್ದು. ಶಾಲೆಗೊಂದೇ ಜಾಗ ಅಂದಾಗ ಅಕ್ಕ, "ನೀನು ಹೋಗೇ, ಚಿಕ್ಕವಳು, ನಿನಗೆ ಬೇಕಾಗುತ್ತೆ" ಅಂತ ತಮ್ಮ ಜಾಗ ನನಗೆ ಬಿಟ್ಟುಕೊಟ್ಟಿದ್ದರು.

ಅಕ್ಕನ ಲೆಕ್ಕ ಆರು ಗಂಟೆ ಬಂತು. ಬೇರೆ ಘಟಕದ ತರಬೇತಿಗೆ ಎರಡು ಸಲ ಹೋಗಿ ಹಿಂದಿನ ಸಾಲಲ್ಲಿ ಕೂತಿದ್ದರಲ್ಲ, ಅದಷ್ಟೇ.

ಇಲಾಖೆಯ ಕಚೇರಿಗೆ ಅವರ ಜೊತೆ ನಾನೇ ಹೋಗಿದ್ದೆ. ಗುಮಾಸ್ತ ಒಳ್ಳೆಯವನೇ, ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಪಟ್ಟಿಗಳನ್ನು ಮಗುಚಿದ.

"ನಿಮ್ಮ ಹೆಸರೇ ಇಲ್ವಲ್ಲ ಅಮ್ಮ?"

"ನಾನೇ ಹೇಳಿಕೊಟ್ಟವಳು."

"ಅದು ಸರಿ. ಆದ್ರೆ ಹಾಜರಿದ್ರಾ?"

ಅಕ್ಕ ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಗುಮಾಸ್ತ ಮಾತ್ರ ನಗಲಿಲ್ಲ. ಅವನಿಗೆ ತಮಾಷೆ ಏನು ಅಂತ ತಿಳಿಯಲೇ ಇಲ್ಲ. ಸಂಘದ ಪತ್ರ ತಂದರೆ ಆಗುತ್ತಾ ಅಂತ ಕೇಳಿದೆವು. ಘಟಕದ ಕಾರ್ಯದರ್ಶಿ ಬರೆಯಬೇಕಾದ ಪತ್ರ, ಕಾರ್ಯದರ್ಶಿ ಇವರೇ, ತಮಗೆ ತಾವೇ ಬರೆದುಕೊಂಡರೆ ನಡೆಯುವುದಿಲ್ಲ ಅಂದ. ಆಮೇಲೆ ಸುತ್ತೋಲೆಯ ಕೊನೆಯ ಪುಟ ತೆಗೆದು ತೋರಿಸಿದ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ, ಅದೇ ಶಾಲೆಯಲ್ಲಿ ಈಗ ಕೆಲಸದ ಮೇಲಿರುವ ಐದು ಜನ ಶಿಕ್ಷಕಿಯರು 'ಇವರು ಇಡೀ ತರಬೇತಿಯಲ್ಲಿ ಇದ್ದರು' ಅಂತ ಒಂದೇ ಕಾಗದದಲ್ಲಿ ಸಹಿ ಹಾಕಿ ಕೊಡಬೇಕು. ಶುಕ್ರವಾರ ಬೆಳಗ್ಗೆ ಹತ್ತು ಗಂಟೆ ಕೊನೆ.

ನಮ್ಮಲ್ಲಿ ಅಕ್ಕನನ್ನು ಬಿಟ್ಟರೆ ಆರು ಜನ ಶಿಕ್ಷಕಿಯರು. ಒಬ್ಬಳು ಹೆರಿಗೆ ರಜೆಯಲ್ಲಿ. ಉಳಿದವರು ಸರಿಯಾಗಿ ಐದು. "ಸಾಕಲ್ಲ! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ" ಅಂತ ಅಕ್ಕ ಬಸ್ಸಿನಲ್ಲಿ ನನ್ನ ತೊಡೆ ತಟ್ಟಿದರು. ಕಾಗದವನ್ನು ತಾವು ಹಿಡಿದು ಓಡಾಡಲು ಮಾತ್ರ ಒಪ್ಪಲಿಲ್ಲ. "ನನಗೆ ಬೇಕಾದ ಕಾಗದ ನಾನೇ ಹಿಡ್ಕೊಂಡು ಎದುರು ನಿಂತ್ರೆ ದಾಕ್ಷಿಣ್ಯಕ್ಕೆ ಹಾಕ್ತಾರೆ. ಅದು ಬೇಡ." ಕನ್ನಡಕದವಳು ಅಂತ ನಾವು ಕರೆಯುವ ಮೂರನೆಯ ಕೋಣೆಯ ಟೀಚರ್ ಆ ಕೆಲಸ ವಹಿಸಿಕೊಂಡಳು.

ಇಲ್ಲಿಂದ ಮುಂದೆ ಬರೆಯಲು ನನಗೆ ನಾಚಿಕೆ. ಆದರೂ ಬರೆಯುತ್ತೇನೆ.

ನಮ್ಮೆಲ್ಲರದ್ದೂ ವರ್ಷ ವರ್ಷಕ್ಕೆ ನವೀಕರಿಸುವ ಕೆಲಸ, ನವೀಕರಣ ಅದೇ ತಿಂಗಳು. ಮೇಡಂ ಒಬ್ಬೊಬ್ಬರನ್ನೇ ಒಳಗೆ ಕರೆದರು. ಉಳಿದ ನಾಲ್ವರಿಗೆ, "ಸಹಿ ಹಾಕೋದು ನಿಮ್ಮಿಷ್ಟ. ನವೀಕರಣ ಮಾಡೋದು ನಮ್ಮಿಷ್ಟ" ಅಂದರಂತೆ. ನನಗೆ ಹಾಗನ್ನಲಿಲ್ಲ. ನನಗೆ ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. "ಮುಂದಿನ ವರ್ಷ ಒಂದನೇ ಕೋಣೆ ಯಾರಿಗಾದ್ರೂ ಕೊಡ್ಬೇಕಲ್ಲ, ಯಾರಿಗೆ ಕೊಡ್ಲಿ ಅಂತ ಯೋಚಿಸ್ತಿದ್ದೀನಿ. ಸಂಯೋಜಕಿ ಜವಾಬ್ದಾರಿನೂ ಆ ಕೋಣೆಯವರದ್ದೇ. ಹೊಸ ಕಾಲಕ್ಕೆ ಹೊಸಬರು ಬೇಕು ಅಲ್ವಾ?" ಒಂದನೇ ಕೋಣೆ ಅಕ್ಕನದು. ಎರಡು ಕಡೆ ಕಿಟಕಿ, ಬೆಳಗಿನ ಬಿಸಿಲು ಬರುವ ಒಂದೇ ಕೋಣೆ. ಮೇಡಂ ಸಹಿಯ ಮಾತೇ ಎತ್ತಲಿಲ್ಲ. ಚಹಾ ಚೆನ್ನಾಗಿತ್ತು. ಪೂರ್ತಿ ಕುಡಿದೆ.

ಗುರುವಾರ ಮಧ್ಯಾಹ್ನ ಮಕ್ಕಳು ಮಲಗಿದ್ದ ಹೊತ್ತಲ್ಲಿ ಕನ್ನಡಕದವಳು ಕಾಗದ ತಂದಳು. ಅದರಲ್ಲಿ ನಾಲ್ಕು ಸಹಿ ಇತ್ತು. ಆ ನಾಲ್ವರಲ್ಲಿ ಒಬ್ಬಳ ಗಂಡನಿಗೆ ಕೆಲಸವಿಲ್ಲ, ಇನ್ನೊಬ್ಬಳು ಒಂಟಿಯಾಗಿ ಎರಡು ಮಕ್ಕಳನ್ನು ಸಾಕುವವಳು. ಅವರು ಹಾಕಿದ್ದರು. "ನಿನ್ನದು ಕೊನೆಗೆ ಬಿಟ್ಟೆ ಕಣೇ. ನೀನಂತೂ ಹಾಕೇ ಹಾಕ್ತೀಯಲ್ಲ" ಅಂದಳು. "ಮನೇಲಿ ಸಮಾಧಾನವಾಗಿ ಓದಿ ಹಾಕ್ತೀನಿ, ಬೆಳಗ್ಗೆ ಬೇಗ ತಂದ್ಕೊಡ್ತೀನಿ" ಅಂದೆ. ಓದುವುದಕ್ಕೆ ಅದರಲ್ಲಿ ಇದ್ದದ್ದು ಮೂರು ಸಾಲು. ಅವಳ ಹುಬ್ಬು ಕನ್ನಡಕದ ಮೇಲಕ್ಕೆ ಹೋಯಿತು, ಆದರೂ ಕಾಗದ ನನ್ನ ಕೈಲೇ ಬಿಟ್ಟು ಹೋದಳು.

ಸಂಜೆ ನನ್ನ ಯಜಮಾನರಿಗೆ ಹೇಳಿದೆ. "ನಿನಗ್ಯಾಕೆ ಊರ ಉಸಾಬರಿ?" ಅಂದರು. ತಪ್ಪನ್ನು ಅವರ ತಲೆಗೆ ಕಟ್ಟಲಾರೆ. ಅವರು ಹಾಗೇ ಅನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಅವರನ್ನು ಕೇಳಿದ್ದು. ಅತ್ತೆಯನ್ನು ಕೇಳಿದ್ದರೆ "ಥೂ, ಹಾಕೇ ಮೊದಲು" ಅನ್ನುತ್ತಿದ್ದರು. ಕೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಏಳೂವರೆಗೆ ಶಾಲೆಗೆ ಫೋನು ಮಾಡಿ ಜ್ವರ ಅಂದೆ. ಫೋನು ಆರಿಸಿ ಇಟ್ಟು ಮಂಚದ ಮೇಲೆ ಕೂತೆ. ಕಾಗದ ಚೀಲದಲ್ಲಿತ್ತು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಈಗ ಹೊರಟರೂ ಆಟೋ ಹಿಡಿದು ತಲುಪಬಹುದು ಅಂತ ಲೆಕ್ಕ ಹಾಕಿದೆ. ಹತ್ತು ಹೊಡೆದಾಗ ಎದೆ ಹಗುರಾಯಿತು. ಹೌದು, ಹಗುರಾಯಿತು. ಸುಳ್ಳು ಯಾಕೆ ಹೇಳಲಿ? ಎದ್ದು ಅನ್ನಕ್ಕಿಟ್ಟೆ, ಚೆನ್ನಾಗಿ ಊಟ ಮಾಡಿದೆ.

ಸೋಮವಾರ ಸಹಿ ಹಾಕಿಕೊಂಡು ಹೋದೆ. ಹೀಗೂ ಒಬ್ಬಳು ಇರುತ್ತಾಳಾ ಅಂತ ನಿಮಗೆ ಅನ್ನಿಸಬಹುದು, ಇದ್ದೆ. ಗುರುವಾರದ ತಾರೀಕು ಹಾಕಿದ್ದೆ. ಜ್ವರ ಬಾರದಿದ್ದರೆ ತಂದುಕೊಡುತ್ತಿದ್ದೆ ಅಂತ ತೋರಿಸಿಕೊಳ್ಳಬೇಕಿತ್ತಲ್ಲ. ಅಕ್ಕ ಬಾಗಿಲ ಹತ್ತಿರ ಬಗ್ಗಿ ಮಕ್ಕಳ ಚಪ್ಪಲಿ ಜೋಡಿಸುತ್ತಿದ್ದರು. ಕಾಗದ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಮೇಲಿಂದ ಕೆಳಗೆ ನಿಧಾನವಾಗಿ ಓದಿದರು.

"ಇವತ್ತು ಯಾವ ವಾರ?"

"ಸೋಮವಾರ ಅಕ್ಕ."

"ಇಲ್ಲಿ ಗುರುವಾರದ ತಾರೀಕಿದೆ."

ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಹೊಡೆದುಹಾಕಿ ಸರಿಯಾದ್ದು ಬರಿ. ಪಕ್ಕದಲ್ಲಿ ಚಿಕ್ಕದಾಗಿ ಸಹಿ ಮಾಡು. ಸುಳ್ಳು ತಾರೀಕಿನ ಕಾಗದ ಸಂಘದ ಕಡತದಲ್ಲಿ ಇರಬಾರದು."

ಗೋಡೆಗೆ ಕಾಗದ ಒತ್ತಿಕೊಂಡು ತಿದ್ದಿದೆ. ಅಕ್ಕ ಅದನ್ನು ಎರಡು ಮಡಿಕೆ ಮಾಡಿ ಎಡ ಜೇಬಿಗೆ ಹಾಕಿಕೊಂಡರು. "ಜ್ವರ ಹೇಗಿದೆ?" ಅಂತ ಕೇಳಿದರು. ಇಳಿಯಿತು ಅಂದೆ. "ಸರಿ" ಅಂದು ಉಳಿದ ಚಪ್ಪಲಿ ಜೋಡಿಸತೊಡಗಿದರು. ಬೈಯಲಿಲ್ಲ. ಎರಡು ಬಿಗಿದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಹೊಸ ವರ್ಷದ ತರಗತಿ ಶುರುವಾದಾಗ ಒಂದನೇ ಕೋಣೆ ನನ್ನದಾಯಿತು. ಸಂಯೋಜಕಿ ಅಂತ ಬಾಗಿಲ ಮೇಲೆ ಹಲಗೆ ಬಂತು. ಮೇಡಂ ಹಲ್ಲು ಬಿಟ್ಟು, "ನಿಮ್ಮ ಕೋಣೆಗೇ ಅವರನ್ನ ಸಹಾಯಕಿಯಾಗಿ ಹಾಕಿದ್ದೀನಿ. ಅನುಭವಸ್ಥರು ಕೈಗೆ ಸಿಕ್ಕರೆ ನಿಮಗೂ ಅನುಕೂಲ" ಅಂದರು. ಪುಟಾಣಿ ಕುರ್ಚಿಯ ಬಾಕಿಯನ್ನು ಅಷ್ಟು ವರ್ಷ ಕಾದು ತೀರಿಸಿಕೊಂಡಿದ್ದರು, ಅದೂ ನನ್ನ ಕೈಯಿಂದಲೇ.

ಅಕ್ಕ ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿ ಅಂತಲೂ ಒಳಗೊಳಗೇ ಬಯಸಿದ್ದೆ. ಹೋಗಲಿಲ್ಲ. ಅವರ ಗಂಡನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿ ಮುಚ್ಚಿದ್ದರು. ನಿವೃತ್ತಿಗೆ ಇನ್ನೆರಡೇ ವರ್ಷ. ಕನ್ನಡಕದವಳು ಕೇಳಿದ್ದಕ್ಕೆ, "ಮಕ್ಕಳಿರೋ ಕೋಣೆ ಬಿಟ್ಟು ಎಲ್ಲಿಗೆ ಹೋಗ್ಲಿ ಹೇಳು? ನನಗೆ ಇನ್ನೇನು ಬರುತ್ತೆ?" ಅಂದರಂತೆ.

ಸಹಾಯಕಿಯರಿಗೆ ಶಾಲೆಯವರೇ ಮೇಲಂಗಿ ಕೊಡುತ್ತಾರೆ, ಬೂದು ಬಣ್ಣದ್ದು, ಜೇಬಿಲ್ಲದ್ದು. ಜೇಬಿದ್ದರೂ ಎಡಗಡೆಯದಕ್ಕೆ ಕೆಲಸವಿರಲಿಲ್ಲ. ಸಂಘ ಶಿಕ್ಷಕಿಯರದು, ಸಹಾಯಕಿಯರಿಗೆ ಸದಸ್ಯತ್ವವಿಲ್ಲ. ಆರೇಳು ವರ್ಷದ ಹಿಂದೆ ಅವರನ್ನೂ ಸೇರಿಸಿಕೊಳ್ಳೋಣ ಅಂತ ಅಕ್ಕ ಸಭೆಯಲ್ಲಿ ಹೇಳಿದಾಗ ನಾವೆಲ್ಲ ಬೇಡ ಅಂತ ಕೈ ಎತ್ತಿದ್ದೆವು. ಕೈ ತೊಳೆಸುವವರು ಬೇರೆ, ನಾವು ಬೇರೆ ಅಂತ ನಮಗೊಂದು ದೊಡ್ಡಸ್ತಿಕೆ. ಅಕ್ಕ ರಸೀದಿ ಪುಸ್ತಕವನ್ನು ಕನ್ನಡಕದವಳಿಗೆ ಒಪ್ಪಿಸಿ ತಮ್ಮ ಕೊನೆಯ ಸಭೆಗೆ ಬಂದರು. ಅವತ್ತು ಒಂದೇ ಒಂದು ತಿದ್ದುಪಡಿ ಮಂಡಿಸಿದರು. ಹೇಳಿಕೊಡುವವರೂ ಇನ್ನು ಮುಂದೆ ಹಾಜರಿ ಹಾಕಬೇಕು. "ನನ್ನ ಮೊಂಡುತನಕ್ಕೆ ನಾನು ತೆತ್ತೆ. ಮುಂದಿನವರಿಗೆ ಹೀಗಾಗಬಾರದು" ಅಂದರು. ಎಲ್ಲರೂ ಕೈ ಎತ್ತಿದರು. ಈಗ ಶನಿವಾರದ ಪಾಠ ಹೇಳುವವಳು ನಾನು. ಅಕ್ಕನ ಮಾತನ್ನೇ ಹೇಳುತ್ತೇನೆ, ಅಕ್ಕನ ನಗೆಚಾಟಿಕೆಯನ್ನೇ ಮಾಡುತ್ತೇನೆ, ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಸಹಿ ಹಾಕುತ್ತೇನೆ.

ಅದುವರೆಗಿನ ಹತ್ತು ವರ್ಷದಲ್ಲಿ ಅಕ್ಕ ನನ್ನನ್ನು ಕರೆದದ್ದು ನೀನು, ಲೇ, ಹುಚ್ಚಿ ಅಂತ. ಹೊಸ ವರ್ಷದ ಮೊದಲ ದಿನ ಬೂದು ಮೇಲಂಗಿ ಹಾಕಿಕೊಂಡು ಬಂದು, "ಟೀಚರ್, ಬಣ್ಣದ ಬಟ್ಟಲು ಎಲ್ಲಿ ಇಡಬೇಕು ನೀವೇ ಹೇಳಿ" ಅಂದರು. ನಾನು "ಅಕ್ಕ, ಹಾಗೆ ಕರೀಬೇಡಿ" ಅಂದೆ. "ಮಕ್ಕಳ ಎದುರು ಟೀಚರ್ ಅನ್ನಬೇಕು. ಇಲ್ಲದಿದ್ರೆ ಅವು ನಿಮ್ಮ ಮಾತು ಕೇಳಲ್ಲ" ಅಂದರು. ಮಕ್ಕಳಿಲ್ಲದಾಗಲೂ ಹಾಗೇ ಕರೆದರು. ಎರಡು ವರ್ಷ. ಬಸ್ ನಿಲ್ದಾಣದಲ್ಲಿ ಸಿಕ್ಕರೂ, "ಬಸ್ಸು ಹೋಯ್ತಾ ಟೀಚರ್?" ಕೆಲಸದಲ್ಲಿ ಒಂದು ಕೊರತೆ ಮಾಡಲಿಲ್ಲ. ಮಗು ಒದ್ದೆ ಮಾಡಿಕೊಂಡದ್ದು ನನಗೆ ತಿಳಿಯುವ ಮೊದಲೇ ಬಟ್ಟೆ ಬದಲಾಗಿರುತ್ತಿತ್ತು. ಪಾಠದ ಹೊತ್ತಿಗೆ ಮಾತ್ರ ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು, ಬಟ್ಟಲು ತೊಳೆಯುವ ನೆಪದಲ್ಲಿ. ಒಮ್ಮೆಯೂ ಚಪ್ಪಾಳೆ ತಟ್ಟಲಿಲ್ಲ.

ಅವರು ನಿವೃತ್ತಿಯಾಗಲು ಒಂದು ವಾರವಿತ್ತು. ಬೆಳಗ್ಗೆ ಒಂಬತ್ತರ ಗಡಿಬಿಡಿ. ಮೂರು ವರ್ಷದ ಒಂದು ಮಗು, ಸೇರಿ ನಾಲ್ಕು ದಿನವಾಗಿತ್ತಷ್ಟೇ, ತಾಯಿಯ ಚೀಲದ ಪಟ್ಟಿ ಹಿಡಿದು ನಿಂತಿತ್ತು. ಆ ತಾಯಿ ಆಸ್ಪತ್ರೆಯಲ್ಲಿ ದಾದಿ, ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದಳು. ನಾನು ಮಗುವಿಗೆ ಬೊಂಬೆ ತೋರಿಸಿ ಈ ಕಡೆ ತಿರುಗಿಸಿಕೊಂಡು, ಹೋಗಿಬಿಡಿ ಅಂತ ತಾಯಿಗೆ ಕಣ್ಸನ್ನೆ ಮಾಡಿದೆ. ಅವಳು ಜಾರಿಕೊಂಡಳು. ಮಗು ತಿರುಗಿ ನೋಡಿತು. ಅಳಲಿಲ್ಲ. ಬಾಗಿಲ ಹತ್ತಿರ ಹೋಗಿ, ಕಂಬಿ ಹಿಡಿದು, ಮೆಟ್ಟಿಲು ನೋಡುತ್ತ ನಿಂತುಬಿಟ್ಟಿತು.

ಅಕ್ಕ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ಬಂದರು. ಮಗುವಿನ ಪಕ್ಕ ನೆಲದ ಮೇಲೆ ಕೂತರು. ಮಗುವನ್ನು ಮುಟ್ಟಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, "ಬಿಡಿ ಅಕ್ಕ, ಅಳ್ತಿಲ್ವಲ್ಲ, ಒಳ್ಳೇದೇ ಆಯ್ತು" ಅಂದೆ.

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದ್ದು.

"'ಸಹಿ ಹಾಕಲ್ಲ ಅಕ್ಕ, ನನಗೆ ಹೆದರಿಕೆ' ಅಂತ ಗುರುವಾರ ನನ್ನ ಮುಖಕ್ಕೇ ಹೇಳಿದ್ರೆ ಅತ್ತುಬಿಡ್ತಿದ್ದೆ ಕಣೇ. ಅತ್ತು ಸುಮ್ಮನಾಗ್ತಿದ್ದೆ. ನಿನ್ನ ಹೊಟ್ಟೆಪಾಡು ನನಗೆ ಗೊತ್ತಿಲ್ವಾ? ನೀನು ಕದ್ದು ಹೋದೆ. ಶುಕ್ರವಾರ ಹತ್ತು ಗಂಟೆವರೆಗೂ ನಾನು ಇದೇ ಕಂಬಿ ಹಿಡ್ಕೊಂಡು ಮೆಟ್ಟಿಲು ನೋಡ್ತಾ ನಿಂತಿದ್ದೆ. ಕೆಲಸ ಹೋಗಿದ್ದು ಮರೆತೆ. ಅದನ್ನ ಮರೆಯೋಕೆ ಆಗ್ತಿಲ್ಲ."

ಅಕ್ಕ ನೆಲಕ್ಕೆ ಕೈ ಊರಿ ಎದ್ದರು, ಮೇಲಂಗಿ ಕೊಡವಿಕೊಂಡರು, ಬೀಗದ ಕೈ ಗೊಂಚಲನ್ನು ಆ ಮಗುವಿನ ಕೈಗೆ ಕೊಟ್ಟರು.

"ಮಕ್ಕಳು ಕಾಯ್ತಿದ್ದಾರೆ. ಶುರು ಮಾಡಿ ಟೀಚರ್."

ನಾನು ಕೋಣೆಯ ಮಧ್ಯೆ ಹೋಗಿ ಕೂತು ಚಪ್ಪಾಳೆ ತಟ್ಟಿದೆ. ಎರಡು ಮೆಲ್ಲಗೆ, ಒಂದು ಜೋರಾಗಿ. ಮಕ್ಕಳೆಲ್ಲ ತಿರುಗಿ ಅಕ್ಕನ ಕಡೆ ನೋಡಿದವು.